ತೀರ್ಮಾನಕ್ಕೆ ಮೊದಲೇ ಊರಿಗೆ ತಲುಪಬೇಕಾದ ಸುದ್ದಿ

ಗ್ರಾಮ ಪಂಚಾಯಿತಿಯ ತೀರ್ಮಾನವೊಂದು ಊರಿನವರಿಗೆ ತಿಳಿಯುವುದು ಬಹಳ ಸಲ ಜೆಸಿಬಿ ಬಂದು ನಿಂತ ದಿನ. ಚರಂಡಿ ತಮ್ಮ ಬೀದಿಗೆ ಬರದೆ ಪಕ್ಕದ ಬೀದಿಗೆ ಹೋಯಿತೆಂದು, ಮನೆ ಮಂಜೂರಾದವರ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು, ಕೊಳವೆಬಾವಿಗೆ ಬೇರೆ ಜಾಗ ಗೊತ್ತಾಗಿದೆಯೆಂದು ಆಗ ತಿಳಿಯುತ್ತದೆ. ಜಗಳವೂ ಅಲ್ಲಿಂದಲೇ ಶುರುವಾಗುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಂಚಾಯಿತಿ ಸದಸ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ: ನಮ್ಮ ಹಳ್ಳಿಗಳಲ್ಲಿ ಸುದ್ದಿಗೆ ಕೊರತೆಯಿಲ್ಲ, ಮಾತಾಡಲು ಇನ್ನೂ ಅವಕಾಶವಿರುವಾಗ ಬಂದು ಮುಟ್ಟುವ ಸುದ್ದಿಗೆ ಕೊರತೆಯಿದೆ. ತೀರ್ಮಾನ ಮುಗಿದ ಮೇಲಿನ ಗುದ್ದಲಿ ಪೂಜೆಯ ಚಿತ್ರ, ಸನ್ಮಾನದ ಚಿತ್ರ, ಉದ್ಘಾಟನೆಯ ವಿಡಿಯೊ ಎಲ್ಲರ ಮೊಬೈಲಿಗೂ ಬರುತ್ತವೆ. ಆ ಕೆಲಸವನ್ನು ಆಯ್ಕೆ ಮಾಡಿದ ಸಭೆಯ ದಿನಾಂಕ ಮಾತ್ರ ಬಂದಿರುವುದಿಲ್ಲ.

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ರೂಪುಗೊಂಡ ನಮ್ಮ ರಾಜ್ಯದ ಕಾಯ್ದೆ, ಮುಂದಿನ ತಿದ್ದುಪಡಿಗಳ ನಂತರ, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂಬ ಹೆಸರಿನಲ್ಲಿದೆ. ಈ ಕಾಯ್ದೆಯ ಪ್ರಕಾರ ಊರಿನ ಬೇಡಿಕೆಗಳು ಮೊದಲು ವಾರ್ಡ್ ಸಭೆಯಲ್ಲಿ ಪಟ್ಟಿಯಾಗಿ, ಗ್ರಾಮ ಸಭೆಯಲ್ಲಿ ಆದ್ಯತೆ ಪಡೆದು, ಆಮೇಲೆ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರಬೇಕು. ವಾರ್ಡ್ ಸಭೆಯೂ ಗ್ರಾಮ ಸಭೆಯೂ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಮುಂದಿನ ಆರ್ಥಿಕ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. 2018ರಿಂದ ದೇಶದಾದ್ಯಂತ ಅಕ್ಟೋಬರ್ 2ರಿಂದ ಇದಕ್ಕೊಂದು ಅಭಿಯಾನವೇ ನಡೆಯುತ್ತಾ ಬಂದಿದೆ. ಹೀಗಾಗಿ ಮಳೆಗಾಲದಲ್ಲಿ ಕೊಚ್ಚಿಹೋದ ಮೋರಿಯ ವಿಷಯವನ್ನು ಅಕ್ಟೋಬರ್ ಅಥವಾ ನವೆಂಬರಿನ ವಾರ್ಡ್ ಸಭೆಯಲ್ಲಿ ಹೇಳಿದವರಿಗೆ ಮುಂದಿನ ಏಪ್ರಿಲ್ ನಂತರ ಕೆಲಸದ ನಿರೀಕ್ಷೆ ಇಟ್ಟುಕೊಳ್ಳಲು ಆಧಾರವಿರುತ್ತದೆ. ಮಾರ್ಚಿನಲ್ಲಿ ಅರ್ಜಿ ಹಿಡಿದು ಬಂದವರಿಗೆ ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿದ್ದರೂ ಹೆಚ್ಚಿನದೇನನ್ನೂ ಮಾಡಲಾಗದು, ಏಕೆಂದರೆ ಕ್ರಿಯಾಯೋಜನೆ ಅಷ್ಟರಲ್ಲಿ ಮುಚ್ಚಿರುತ್ತದೆ. ಈ ಒಂದು ತಿಳಿವಳಿಕೆ ಊರಿಗೆ ಇಲ್ಲದಿರುವುದರಿಂದ ಆಗುವ ನಷ್ಟ ಭ್ರಷ್ಟಾಚಾರದಿಂದ ಆಗುವ ನಷ್ಟಕ್ಕಿಂತ ಕಡಿಮೆಯದೇನಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ನೋಟಿಸಿನ ವಿಷಯ. ನಮ್ಮ ಪಂಚಾಯಿತಿಗಳ ಬಹುಪಾಲು ಸಭಾ ಸೂಚನೆಗಳು ಒಂದೇ ವಾಕ್ಯದವು: ಇಂಥ ದಿನ ಇಂಥ ಹೊತ್ತಿಗೆ ಗ್ರಾಮ ಸಭೆ ಏರ್ಪಡಿಸಲಾಗಿದ್ದು, ಸಾರ್ವಜನಿಕರು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ಕೋರಿದೆ. ಇದನ್ನು ಓದಿದ ಕೂಲಿಕಾರ್ಮಿಕ ಮಹಿಳೆ ಒಂದು ದಿನದ ಕೂಲಿ ಬಿಟ್ಟು ಬರಲು ಇದರಲ್ಲಿ ಯಾವ ಕಾರಣವಿದೆ? ಅದೇ ಸೂಚನೆಯಲ್ಲಿ, ಈ ಸಭೆಯಲ್ಲಿ ಬಸವ ವಸತಿ ಮತ್ತು ಅಂಬೇಡ್ಕರ್ ನಿವಾಸ್ ಯೋಜನೆಯ ಫಲಾನುಭವಿಗಳ ಆಯ್ಕೆ ನಡೆಯುತ್ತದೆ, ಸ್ವಂತ ನಿವೇಶನ ಇರುವವರು ಅದರ ದಾಖಲೆ ತರಬೇಕು, ಕುಡಿಯುವ ನೀರಿನ ಹೊಸ ಟ್ಯಾಂಕಿಗೆ ಇರುವ ಎರಡು ಜಾಗಗಳಲ್ಲಿ ಒಂದನ್ನು ಆರಿಸಲಾಗುತ್ತದೆ, ಹಿಂದಿನ ಸಭೆಯ ಬೇಡಿಕೆಗಳಲ್ಲಿ ಯಾವುದು ಆಗಿದೆ ಯಾವುದು ಆಗಿಲ್ಲ ಎಂಬ ವಿವರವನ್ನು ಓದಲಾಗುತ್ತದೆ ಎಂದು ಬರೆದಿದ್ದರೆ ಜನ ಬರುತ್ತಾರೆ. ತರಬೇತಿಗಳಲ್ಲಿ ನಾನು ಅಭಿವೃದ್ಧಿ ಅಧಿಕಾರಿಗಳಿಂದ ಇಂಥ ಸೂಚನೆಗಳನ್ನು ಕೂತಲ್ಲೇ ಬರೆಸುತ್ತೇನೆ. ಮೊದಲ ಕರಡಿನಲ್ಲಿ ಯಾವಾಗಲೂ ಗಣ್ಯರ ಹೆಸರುಗಳೇ ಅರ್ಧ ಪುಟ ಇರುತ್ತವೆ. ಅವನ್ನು ತೆಗೆದು, ಆ ಜಾಗದಲ್ಲಿ ಆ ದಿನ ತೀರ್ಮಾನವಾಗಲಿರುವ ವಿಷಯಗಳನ್ನು ಬರೆಯಿರಿ ಎಂದರೆ, ವಿಷಯಗಳು ಇನ್ನೂ ನಿಗದಿಯಾಗಿಲ್ಲ ಎಂಬ ಉತ್ತರ ಬರುವುದುಂಟು. ನಿಜವಾದ ತೊಂದರೆ ಇರುವುದು ಅಲ್ಲಿಯೇ. ವಿಷಯ ಪಟ್ಟಿ ಸಭೆಯ ಬೆಳಿಗ್ಗೆ ತಯಾರಾಗುವುದಾದರೆ ಸೂಚನೆ ಎಷ್ಟು ಮುಂಚೆ ಹೊರಟರೂ ಅದರಿಂದ ಪ್ರಯೋಜನವಿಲ್ಲ.

ಸೂಚನೆಯನ್ನು ಎಲ್ಲಿ ಅಂಟಿಸಬೇಕು, ಸಭೆಯನ್ನು ಎಷ್ಟು ಹೊತ್ತಿಗೆ ಕರೆಯಬೇಕು ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲಿ ಎಲ್ಲೆಡೆ ಒಂದೇ ಉತ್ತರವಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒತ್ತಾಗಿವೆ. ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊರಿನ ಬಹುತೇಕ ಮನೆಗಳಿಂದ ಯಾರಾದರೊಬ್ಬರು ಕ್ಯಾನು ಹಿಡಿದು ಬಂದೇ ಬರುತ್ತಾರೆ. ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಾಕಿದ್ದಕ್ಕಿಂತ ಡೇರಿಯ ಗೋಡೆಗೆ ಅಂಟಿಸಿದ್ದನ್ನು ಹೆಚ್ಚು ಜನ ಓದುತ್ತಾರೆ. ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಸ್ಥಿತಿಯೇ ಬೇರೆ. ಅಲ್ಲಿ ಊರೆಂದರೆ ತೋಟ, ಗದ್ದೆ, ಕಾಡಿನ ನಡುವೆ ಒಂದೊಂದಾಗಿ ಚದುರಿದ ಮನೆಗಳು. ಡಂಗುರ ಸಾರಿದರೆ ಕೇಳುವುದು ರಸ್ತೆ ಬದಿಯ ನಾಲ್ಕು ಮನೆಗಳಿಗೆ ಮಾತ್ರ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹನ್ನೊಂದು ಗಂಟೆಯ ಗ್ರಾಮ ಸಭೆ ಅವರ ಪಾಲಿಗೆ ನಡೆಯದೇ ಇದ್ದಂತೆ. ಅದರಲ್ಲೂ ನವೆಂಬರಿನಿಂದ ಮಾರ್ಚಿನವರೆಗೆ ಕಾಫಿ ಹಣ್ಣಿನ ಕೊಯ್ಲು ನಡೆಯುವ ಕಾಲದಲ್ಲೇ ಯೋಜನೆಯ ಸಭೆಗಳೂ ಬರುವುದರಿಂದ, ದಿನವನ್ನು ಆರಿಸುವಾಗ ಆ ಭಾಗದ ಬಟವಾಡೆಯ ದಿನ, ಸಂತೆಯ ದಿನ, ರಜೆಯ ದಿನಗಳನ್ನು ಮೊದಲು ಕೇಳಿ ತಿಳಿಯಬೇಕು. ಬಟವಾಡೆಯ ಹೊತ್ತಿನಲ್ಲಿ ತೋಟದ ಕಚೇರಿಯ ಮುಂದೆ ಐದು ನಿಮಿಷ ಓದಿ ಹೇಳಲು ಮಾಲೀಕರ ಒಪ್ಪಿಗೆ ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಆಶಾ ಕಾರ್ಯಕರ್ತೆಯರ ಮನೆ ಭೇಟಿ, ಕಸದ ವಾಹನದ ಧ್ವನಿವರ್ಧಕ ಇವೆಲ್ಲವೂ ಮಲೆನಾಡಿನಲ್ಲಿ ನಿಜವಾಗಿ ಕೆಲಸ ಮಾಡುವ ದಾರಿಗಳು.

ಗ್ರಾಮ ಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಎಂದರೆ ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹಾಜರಿದ್ದವರಲ್ಲಿ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕು. ಹಾಜರಿ ಪುಸ್ತಕವನ್ನು ಸಭೆಯ ನಂತರ ಮನೆಮನೆಗೆ ಒಯ್ದು ಸಹಿ ಹಾಕಿಸಿಕೊಳ್ಳಲು ಬಂದವರಿಗೆ ದಯವಿಟ್ಟು ಸಹಿ ಹಾಕಬೇಡಿ. ಆ ಸಹಿ ಇದ್ದರೆ ನೀವು ಆ ಸಭೆಯಲ್ಲಿದ್ದು ಎಲ್ಲ ತೀರ್ಮಾನಗಳನ್ನೂ ಒಪ್ಪಿದಿರಿ ಎಂದೇ ದಾಖಲೆ ಹೇಳುತ್ತದೆ.

ಹಣದ ಸುದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಪಂಚಾಯಿತಿಗೆ ಇಷ್ಟು ಲಕ್ಷ ಬಂತು ಎಂಬ ಸುದ್ದಿಯಿಂದ ಊರಿಗೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಎಷ್ಟನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂಬುದು ತಿಳಿಯಬೇಕು. ಉದಾಹರಣೆಗೆ, 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ನೀಡಿದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತವಾಗಿತ್ತು: ಅದರ ಅರ್ಧ ನೈರ್ಮಲ್ಯಕ್ಕೆ, ಉಳಿದರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ಉಳಿದ ಶೇ 40ರಷ್ಟನ್ನು ಮಾತ್ರ ಊರಿನ ಇತರ ಅಗತ್ಯಗಳಿಗೆ ಬಳಸಬಹುದಾಗಿತ್ತು, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಈ ವಿಂಗಡಣೆ ಗೊತ್ತಿಲ್ಲದೆ ಎಷ್ಟೋ ಸಭೆಗಳಲ್ಲಿ, ಹಣವಿದ್ದರೂ ರಸ್ತೆ ಮಾಡುತ್ತಿಲ್ಲ ಎಂಬ ಆರೋಪಕ್ಕೆ ಅಧ್ಯಕ್ಷರು ಉತ್ತರ ಹೇಳಲಾಗದೆ ಕೂತಿರುವುದನ್ನು ಕಂಡಿದ್ದೇನೆ. ಇದಕ್ಕೆ ಪರಿಹಾರ ಬಹಳ ಸರಳ: ಬಂದ ಹಣ, ಅದರಲ್ಲಿ ಕಟ್ಟಳೆಯಿರುವ ಪಾಲು, ಖರ್ಚಾದದ್ದು, ಉಳಿದದ್ದು ಎಂಬ ನಾಲ್ಕು ಅಂಕಣಗಳ ಒಂದು ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಫಲಕಕ್ಕೆ ಹಾಕಬೇಕು. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿಯೂ ಮೇರಿ ಪಂಚಾಯತ್ ಆ್ಯಪ್‌ನಲ್ಲಿಯೂ ಪ್ರತಿ ಪಂಚಾಯಿತಿಯ ಯೋಜನೆ ಮತ್ತು ಪಾವತಿಯ ವಿವರಗಳನ್ನು ಯಾರು ಬೇಕಾದರೂ ನೋಡಬಹುದು. ಊರಿನ ಕಾಲೇಜು ಹುಡುಗ ಹುಡುಗಿಯರಿಗೆ ಇದನ್ನು ತೋರಿಸಿಕೊಟ್ಟರೆ ಅವರು ಉಳಿದವರಿಗೆ ಓದಿ ಹೇಳುತ್ತಾರೆ. ಜಮಾಬಂದಿ, ಅಂದರೆ ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಎದುರು ತಾಳೆ ನೋಡುವ ಕ್ರಮ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಡೆಯುತ್ತದೆ. ಮಲೆನಾಡಿನಲ್ಲಿ ಆಗ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅದೇ ಕಾರಣಕ್ಕೆ ಅದು ಯಾರಿಗೂ ತಿಳಿಯದೆ ಮುಗಿದುಹೋಗುವುದೂ ಹೆಚ್ಚು.

ಯಾವ ಕೆಲಸ ಯಾರದು ಎಂಬುದನ್ನೂ ಸುದ್ದಿಯಲ್ಲಿ ಸೇರಿಸಬೇಕು. ಬೀದಿ ದೀಪದ ಬಲ್ಬು ಪಂಚಾಯಿತಿಯದು. ಟ್ರಾನ್ಸ್‌ಫಾರ್ಮರ್ ಹಾಸನ ಜಿಲ್ಲೆಯಲ್ಲಿ ಸೆಸ್ಕ್‌ನದು, ಚಿಕ್ಕಮಗಳೂರಿನಲ್ಲಿ ಮೆಸ್ಕಾಂನದು, ಈ ಎರಡೂ ವಿದ್ಯುತ್ ಕಂಪನಿಗಳಿಗೆ 1912ಕ್ಕೆ ಕರೆ ಮಾಡಬಹುದು. ಪಹಣಿ, ಪೌತಿ ಖಾತೆ ಕಂದಾಯ ಇಲಾಖೆಯವು. ಪಡಿತರ ಚೀಟಿ ಆಹಾರ ಇಲಾಖೆಯದು.

ತುರ್ತು ಸುದ್ದಿಯ ವಿಷಯದಲ್ಲಿ ಮಾತ್ರ ನಾನು ಹೆಚ್ಚು ಕಟ್ಟುನಿಟ್ಟಾಗಿ ಮಾತಾಡಬೇಕಾಗಿದೆ, ಏಕೆಂದರೆ ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಗುಂಪು ಯಾವ ತೋಟದಲ್ಲಿ ಬೀಡುಬಿಟ್ಟಿದೆ ಎಂಬುದನ್ನು ಅರಣ್ಯ ಇಲಾಖೆ ಮತ್ತು ಆನೆ ಕಾರ್ಯಪಡೆಯ ಸಿಬ್ಬಂದಿ ಸಂದೇಶಗಳ ಮೂಲಕ, ಮೈಕಿನ ಮೂಲಕ ತಿಳಿಸುತ್ತಾರೆ. ಆ ಸಂದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ದಿನ, ಹೊತ್ತು ಕಳಚಿಹೋಗುತ್ತವೆ. ನಿನ್ನೆಯ ಸಂದೇಶ ಇವತ್ತು ಬೆಳಿಗ್ಗೆ ಬಂದರೆ ಆನೆಯಿಲ್ಲದ ತೋಟಕ್ಕೆ ಜನ ಹೋಗದೆ, ಆನೆಯಿರುವ ತೋಟಕ್ಕೆ ಹೋಗುತ್ತಾರೆ. ಹಾಗಾಗಿ ಪ್ರತಿ ಎಚ್ಚರಿಕೆಯ ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ, ಸ್ಥಳದ ಹೆಸರು, ತಿಳಿಸಿದ ಅಧಿಕಾರಿಯ ಹುದ್ದೆ ಇರಬೇಕು. ಕೊನೆಯ ಸಾಲಿನಲ್ಲಿ, ಇದು ಎಷ್ಟು ಹೊತ್ತಿನವರೆಗೆ ಅನ್ವಯ ಎಂದಿರಬೇಕು. ಆನೆಗಳು ಮುಂದೆ ಸಾಗಿದ ಮೇಲೆ ಅದನ್ನೂ ತಿಳಿಸಬೇಕು. ಗೊರೂರಿನ ಹೇಮಾವತಿ ಜಲಾಶಯದಿಂದ ನದಿಗೆ ನೀರು ಬಿಡುವಾಗ ಕೆಳಗಿನ ಊರುಗಳಿಗೆ ಕೊಡುವ ಸೂಚನೆಗೂ ಇದೇ ಕ್ರಮ ಬೇಕು. ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ತೋಟದ ಕೆಲಸಕ್ಕೆ ಬಂದವರು ಇಲ್ಲಿಯ ಮತದಾರರಲ್ಲದಿರಬಹುದು, ಊರಿನ ಗುಂಪುಗಳಲ್ಲಿ ಅವರ ನಂಬರು ಇಲ್ಲದಿರಬಹುದು. ಆದರೆ ನಸುಕಿನಲ್ಲಿ ತೋಟದ ದಾರಿಯಲ್ಲಿ ನಡೆಯುವವರು ಅವರೇ ಆದ್ದರಿಂದ, ತೋಟದ ಕೆಲಸ ನೋಡಿಕೊಳ್ಳುವ ರೈಟರುಗಳ ಮೂಲಕ ಅವರ ಭಾಷೆಯಲ್ಲೇ ವಿಷಯ ಮುಟ್ಟಿಸುವುದು ಪಂಚಾಯಿತಿಯ ಹೊಣೆಯೆಂದು ನಾನು ತಿಳಿದಿದ್ದೇನೆ.

ಮಂಗನ ಕಾಯಿಲೆಯ ತಿಳಿವಳಿಕೆಯೂ ಹೊತ್ತಿಗೆ ಸರಿಯಾಗಿ ಬರಬೇಕಾದದ್ದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಈ ಜ್ವರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಇದನ್ನು ಹರಡುವ ಉಣುಗುಗಳ ಕಾಟ ಚಳಿಗಾಲದಿಂದ ಬೇಸಿಗೆಯವರೆಗೆ ಇರುವುದರಿಂದ, ತರಗೆಲೆ ಮತ್ತು ಸೌದೆ ತರಲು ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಎಲ್ಲಿ ಸಿಗುತ್ತದೆ, ಸತ್ತ ಮಂಗ ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು ಎಂಬುದನ್ನು ನವೆಂಬರಿನೊಳಗೇ ಹೇಳಬೇಕು. ಮೊದಲ ರೋಗಿ ಆಸ್ಪತ್ರೆ ಸೇರಿದ ಮೇಲೆ ಕರಪತ್ರ ಹಂಚಿದರೆ ತಡವಾಯಿತು.

ವಾಟ್ಸ್‌ಆ್ಯಪ್ ಗುಂಪುಗಳಿಂದ ಬಹಳ ಉಪಕಾರವಾಗಿದೆ, ಅವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಜೋರು ಮಳೆಯಲ್ಲಿ ಕರೆಂಟು ಹೋಗಿ ಟವರು ನಿಂತಾಗಲೇ ನಮಗೆ ಸುದ್ದಿ ಹೆಚ್ಚು ಬೇಕಾಗುವುದರಿಂದ ಗುಂಪೊಂದನ್ನೇ ನಂಬುವಂತಿಲ್ಲ. ಇನ್ನೊಂದು ವಿಷಯದಲ್ಲಿ ಎಚ್ಚರವಿರಲಿ: ಫಲಾನುಭವಿಗಳ ಹೆಸರಿನ ಪಟ್ಟಿ ಜನರ ಮುಂದೆ ಬರಲೇಬೇಕು, ಆದರೆ ಅವರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್‌ನ ಚಿತ್ರ ಗುಂಪಿನಲ್ಲಿ ಬರಕೂಡದು. ಆಧಾರ್ ಸಂಖ್ಯೆಯನ್ನು ಹೀಗೆ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯೇ ತಡೆಯುತ್ತದೆ.

ಸಭೆ ಮುಗಿದ ನಂತರ ಉಳಿಯುವುದು ನಡಾವಳಿ. ಯಾರು ಯಾವ ಬೇಡಿಕೆ ಇಟ್ಟರು, ಯಾವುದಕ್ಕೆ ಆದ್ಯತೆ ಸಿಕ್ಕಿತು, ಯಾವುದನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬುದನ್ನು ಸಭೆಯಲ್ಲೇ ಬರೆದು, ಮುಗಿಯುವ ಮುನ್ನ ಗಟ್ಟಿಯಾಗಿ ಓದಿಸಬೇಕು. ಮುಂದಿನ ಸಭೆಯ ಮೊದಲ ವಿಷಯ ಅದರ ಅನುಪಾಲನಾ ವರದಿಯೇ, ಅಂದರೆ ಅದರಲ್ಲಿ ಯಾವುದು ಆಗಿದೆ ಯಾವುದು ಆಗಿಲ್ಲ ಎಂಬ ವಿವರವೇ, ಆಗಿರಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಭಾ ಸೂಚನೆ, ನಡಾವಳಿ, ಮೂರು ತಿಂಗಳ ಲೆಕ್ಕದ ಹಾಳೆ ಈ ಮೂರರ ಪ್ರತಿಗಳನ್ನು ಒಂದು ಕಡತದಲ್ಲಿ ಅಲ್ಲಿಯ ಮೇಜಿನ ಮೇಲಿಟ್ಟರೆ ಯಾರೂ ಯಾರನ್ನೂ ಕೇಳಿಕೊಳ್ಳುವ ಅಗತ್ಯವಿರುವುದಿಲ್ಲ. ನಡಾವಳಿಯ ಪ್ರತಿ ಕೊಡಲು ಹಿಂದೆಮುಂದೆ ನೋಡುವ ಕಡೆ ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಸಭೆಯ ದಿನಾಂಕವನ್ನೂ ಬೇಕಾದ ದಾಖಲೆಯ ಹೆಸರನ್ನೂ ಸ್ಪಷ್ಟವಾಗಿ ಬರೆದು, ಸ್ವೀಕೃತಿ ಪಡೆದುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಲ್ಲಿಂದ ಮುಂದಿನ 30 ದಿನಗಳೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.