ಡೇನ್‌ಲಾ: ಉತ್ತರ ಇಂಗ್ಲೆಂಡಿನ ಮಾತು ಬೇರೆಯಾದ ಬಗೆ

ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ಡೇನರ (ಡೆನ್ಮಾರ್ಕ್ ಕಡೆಯಿಂದ ಬಂದ ವೈಕಿಂಗರು) ಕಟ್ಟಳೆ ನಡೆಯುತ್ತಿದ್ದ ಸೀಮೆಗೆ ಡೇನ್‌ಲಾ ಎಂದು ಹೆಸರು. ಡೇನರ ದೊಡ್ಡ ದಂಡು ಈಸ್ಟ್ ಆಂಗ್ಲಿಯಾಕ್ಕೆ ಬಂದಿಳಿದದ್ದು 865ರಲ್ಲಿ. 878ರಲ್ಲಿ ಎಡಿಂಗ್‌ಟನ್ ಕಾಳಗದಲ್ಲಿ ದಕ್ಷಿಣದ ವೆಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡ್, ಡೇನರ ನಾಯಕ ಗುತ್ರಮ್‌ನನ್ನು ಸೋಲಿಸಿದ. ಮುಂದೆ ಇಬ್ಬರ ನಡುವೆ ಆದ ಒಪ್ಪಂದದಲ್ಲಿ ಗಡಿಯ ವಿವರವಿದೆ: ಥೇಮ್ಸ್ ನದಿ, ಅಲ್ಲಿಂದ ಲೀ ನದಿಗುಂಟ ಅದರ ಮೂಲದವರೆಗೆ, ನೇರವಾಗಿ ಬೆಡ್‌ಫರ್ಡ್‌ಗೆ, ಮತ್ತೆ ಊಜ್ ನದಿ ಹಿಡಿದು ರೋಮನ್ನರ ವಾಟ್ಲಿಂಗ್ ಸ್ಟ್ರೀಟ್‌ಗೆ. ಡೇನ್‌ಲಾ ಎಂಬ ಹೆಸರು ಬರಹದಲ್ಲಿ ಕಾಣುವುದು 11ನೇ ಶತಮಾನದ ಆರಂಭದಲ್ಲಿ.

ಡೇನರ ನಾರ್ಸ್ ಮತ್ತು ಹಳೆಯ ಇಂಗ್ಲಿಷ್ ಒಂದೇ ಜರ್ಮಾನಿಕ್ ಬುಡದವು. ಆದರೆ ಮೂಲದ 'ಸ್ಕ್' ಇಂಗ್ಲಿಷರ ಬಾಯಲ್ಲಿ 'ಶ್' ಆಗಿತ್ತು, ನಾರ್ಸ್‌ನಲ್ಲಿ ಹಾಗೆಯೇ ಉಳಿದಿತ್ತು. ಶರ್ಟ್, ಸ್ಕರ್ಟ್ ಎರಡೂ ಒಂದೇ ಬೇರಿನ ಪದಗಳು. ಮೊದಲನೆಯದು ನಾಡಿನದು, ಎರಡನೆಯದು ಡೇನರದು. ಹಾಗೆಂದು 'ಸ್ಕ್' ಕಂಡಲ್ಲೆಲ್ಲ ಡೇನರನ್ನು ಹುಡುಕಬಾರದು: ಸ್ಕೂಲ್ ಲ್ಯಾಟಿನ್ ಕಡೆಯಿಂದ ಬಂದದ್ದು.

ಎಗ್, ನೈಫ್, ವಿಂಡೋ, ಹಸ್ಬೆಂಡ್ ಎಲ್ಲ ನಾರ್ಸ್ ಪದಗಳು. ಸರ್ವನಾಮ 'ದೇ' ಕೂಡ! ಸರ್ವನಾಮವನ್ನು ಭಾಷೆಗಳು ಅಷ್ಟು ಸುಲಭವಾಗಿ ಸಾಲ ತರುವುದಿಲ್ಲ; ಎರಡೂ ಜನ ಎಷ್ಟು ಬೆರೆತಿದ್ದರು ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಉತ್ತರದಲ್ಲಿ ಬೇರೂರಿದ ಈ ಪದಗಳು ದಕ್ಷಿಣಕ್ಕೆ ನಿಧಾನವಾಗಿ ಇಳಿದವು. 14ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಕವಿ ಚಾಸರ್ 'ದೇ' ಬಳಸುತ್ತಿದ್ದ, 'ದೆಮ್' ಬದಲು ಹಳೆಯ 'ಹೆಮ್' ಅನ್ನೇ ಬರೆಯುತ್ತಿದ್ದ. ದಕ್ಷಿಣದ ಕೆಂಟ್ ಸೀಮೆಯ ಹೆಂಗಸೊಬ್ಬಳಿಗೆ 'ಎಗ್ಸ್' ತಿಳಿಯಲೇ ಇಲ್ಲ, 'ಐರೆನ್' ಅಂದಮೇಲೆ ಮೊಟ್ಟೆ ಎಂದು ಗೊತ್ತಾಯಿತು ಎಂಬ ಪ್ರಸಂಗವನ್ನು ಮುದ್ರಕ ಕ್ಯಾಕ್ಸ್‌ಟನ್ 1490ರ ಹೊತ್ತಿಗೆ ಬರೆದಿದ್ದಾನೆ.

ಯಾರ್ಕ್‌ಷೈರ್ ಆಡುಮಾತಿನಲ್ಲಿ ಹಳ್ಳಕ್ಕೆ ಬೆಕ್, ಆಡುವುದಕ್ಕೆ ಲೇಕ್ ಎನ್ನುವುದೂ ಈ ಬಳುವಳಿಯೇ. ಯಾರ್ಕ್ ನಗರದ ಸ್ಟೋನ್‌ಗೇಟ್ ಒಂದು ಬೀದಿ, ಬಾಗಿಲಲ್ಲ; ಇಲ್ಲಿನ 'ಗೇಟ್' ಬೀದಿ ಎಂಬರ್ಥದ ನಾರ್ಸ್ ಪದ. ಕೋಟೆಬಾಗಿಲಿಗೆ ಅಲ್ಲಿ 'ಬಾರ್' ಎನ್ನುತ್ತಾರೆ.

ಊರ ಹೆಸರಿನ ಕೊನೆಯಲ್ಲಿ 'ಬಿ' ಇದ್ದರೆ ಹಳ್ಳಿ (ಗ್ರಿಮ್ಸ್‌ಬಿ, ವಿಟ್‌ಬಿ), 'ಥಾರ್ಪ್' ಇದ್ದರೆ ಊರಾಚೆಯ ಪುಟ್ಟ ಕೇರಿ (ಸ್ಕನ್‌ಥಾರ್ಪ್), 'ಥ್ವೇಟ್' ಇದ್ದರೆ ಕಾಡು ಕಡಿದು ಮಾಡಿದ ಬಯಲು. ಈಗಿನ ಕಾಗುಣಿತವನ್ನಷ್ಟೇ ನಂಬಿದರೆ ಎಡವುತ್ತೀರಿ. ರಗ್ಬಿ ಊರನ್ನು 1086ರ ಡೂಮ್ಸ್‌ಡೇ ದಾಖಲೆ ರೊಚೆಬೆರಿಯೆ ಎಂದು ಬರೆದಿದೆ. ಅದರ ಕೊನೆಯದು ಇಂಗ್ಲಿಷಿನ 'ಬರಿ' (ಕೋಟೆಯಿದ್ದ ಜಾಗ), 'ಬಿ' ಬಂದದ್ದು ಆಮೇಲೆ.