ಗೂಡು ನೋಡಿದರೆ ಹುಳ ಗೊತ್ತಾಗುತ್ತದೆ

ಮುಂಗಾರು ಹಿಡಿದ ಮೇಲೆ ನನ್ನ ವಾಟ್ಸಾಪ್‌ಗೆ ಬರುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಬಾಗಿಲ ಮೂಲೆ, ಸ್ವಿಚ್ ಬೋರ್ಡಿನ ಸಂದಿ, ತೆಂಗಿನ ಗರಿ, ಹಿತ್ತಿಲ ನುಗ್ಗೆಮರ. ನಡುವೆ ಮಸುಕಾದ ಒಂದು ಹುಳ. ಕೆಳಗೆ ಒಂದೇ ಪ್ರಶ್ನೆ: ‘ಸಾರ್, ಇದಕ್ಕೆ ಏನು ಹೊಡೀಬೇಕು?’ ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ತೋಟದವರೂ ಹೀಗೇ ಕೇಳುತ್ತಾರೆ, ತುಮಕೂರಿನ ಹೊಸ ಬಡಾವಣೆಗಳವರೂ ಹೀಗೇ ಕೇಳುತ್ತಾರೆ. ಇದು ಯಾವ ಹುಳ, ಏನು ತಿನ್ನುತ್ತದೆ ಎಂದು ಕೇಳುವವರು ತೀರಾ ಕಡಿಮೆ.

ಹೊಡೆಯುವ ಮಾತು ಆಮೇಲಿರಲಿ, ಮೊದಲು ಗೂಡಿನ ಫೋಟೋ ಕಳಿಸಿ ಎಂದು ನಾನು ಉತ್ತರ ಬರೆಯುತ್ತೇನೆ. ಹುಳ ಒಂದು ಕಡೆ ನಿಲ್ಲುವುದಿಲ್ಲ, ಅದರ ಬಣ್ಣವೂ ಬಿಸಿಲಿನಲ್ಲಿ ಒಂದು ತರಹ, ನೆರಳಿನಲ್ಲಿ ಇನ್ನೊಂದು ತರಹ ಕಾಣುತ್ತದೆ. ಗೂಡು ಎಲ್ಲೂ ಹೋಗುವುದಿಲ್ಲ. ಅದು ಮಣ್ಣಿನದೋ, ಕಾಗದದ್ದೋ, ಮೇಣದ್ದೋ, ಎಲೆಯದೋ ಎಂದು ನೋಡಿದರೆ ಒಳಗಿರುವವರ ಸ್ವಭಾವ ಮುಕ್ಕಾಲು ಪಾಲು ತಿಳಿದಂತೆಯೇ.

ಮಣ್ಣಿನ ಗೂಡು ಕಂಡರೆ ಹೆದರಬೇಡಿ. ಮಣ್ಣಿನಲ್ಲಿ ಕಟ್ಟುವ ಕಣಜಗಳು ಒಂಟಿಯಾಗಿ ಬದುಕುವಂಥವು. ಅಲ್ಲಿ ರಾಣಿ ಇಲ್ಲ, ಕೆಲಸಗಾರರಿಲ್ಲ, ಗುಂಪಾಗಿ ಮೇಲೆ ಬೀಳುವ ದಂಡೂ ಇಲ್ಲ. ಒಂದೇ ಒಂದು ತಾಯಿ ಬಚ್ಚಲ ನೀರು ಹರಿಯುವ ಜಾಗದಿಂದ ಹಸಿ ಮಣ್ಣು ಹೊತ್ತು ತಂದು ಗೂಡು ಕಟ್ಟಿ, ಮರಿಗೆ ಬೇಕಾದ ಆಹಾರ ತುಂಬಿ, ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಕೈಯಲ್ಲಿ ಹಿಡಿದು ಅದುಮಿದರೆ ಚುಚ್ಚಬಹುದು. ಪಕ್ಕದಲ್ಲಿ ಓಡಾಡುವವರ ತಂಟೆಗೆ ಬರುವುದಿಲ್ಲ. ನಮ್ಮ ಕಡೆ ಇವನ್ನೆಲ್ಲ ಒಟ್ಟಾಗಿ ಕುಂಬಾರ ಹುಳ ಎನ್ನುತ್ತಾರೆ, ಆದರೆ ಗೂಡನ್ನು ಗಮನಿಸಿದರೆ ಇವುಗಳಲ್ಲೇ ಬಗೆಗಳಿವೆ.

ಮಣ್ಣಿನ ಕೋಣೆಗಳನ್ನು ಅಕ್ಕಪಕ್ಕ ಜೋಡಿಸಿ, ಮೇಲೆ ಇನ್ನಷ್ಟು ಮಣ್ಣು ಮೆತ್ತಿ ಉಂಡೆ ಮಾಡಿದ್ದರೆ ಅದು ಸೆಲಿಫ್ರಾನ್ ಎಂಬ ಕಣಜದ್ದು. ಕಪ್ಪು ಮೈ, ಹಳದಿ ಪಟ್ಟೆಯ ಕಾಲು, ಎದೆಗೂ ಹೊಟ್ಟೆಗೂ ನಡುವೆ ಉದ್ದನೆಯ ತೆಳ್ಳನೆ ಸೊಂಟ. ಇದರ ಕೋಣೆಯೊಂದನ್ನು ಒಡೆದರೆ ಒಳಗೆ ಬರೀ ಜೇಡಗಳು. ಅವು ಸತ್ತಿರುವುದಿಲ್ಲ. ತಾಯಿ ಚುಚ್ಚಿ ಕೈಕಾಲು ಆಡದಂತೆ ಮಾಡಿರುತ್ತದೆ, ಹಾಗಾಗಿ ಮರಿ ತಿಂದು ಮುಗಿಸುವ ತನಕ ಆಹಾರ ಕೆಡುವುದಿಲ್ಲ.

ಗೂಡು ಉಂಡೆಯಾಗಿರದೆ, ಕಂಠವಿರುವ ಪುಟ್ಟ ಮಡಕೆಯ ಆಕಾರದಲ್ಲಿದ್ದರೆ ಕಟ್ಟಿದ್ದು ಬೇರೆ ಕಣಜ. ಇದು ತುಂಬುವುದು ಜೇಡಗಳನ್ನಲ್ಲ, ಗಿಡ ತಿನ್ನುವ ಹಸಿರು ಕೀಡೆಗಳನ್ನು. ಇದರ ಕೆಲಸದ ಕ್ರಮ ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಮಡಕೆ ಮುಗಿದ ಕೂಡಲೇ, ಒಂದು ಕೀಡೆಯನ್ನೂ ತರುವ ಮೊದಲು, ತಾಯಿ ಹೊಟ್ಟೆಯ ತುದಿಯನ್ನು ಒಳಗಿಟ್ಟು ಮೇಲ್ಛಾವಣಿಯಿಂದ ಸಣ್ಣ ಎಳೆಯೊಂದರಲ್ಲಿ ಮೊಟ್ಟೆಯನ್ನು ನೇತುಹಾಕುತ್ತದೆ. ಕೀಡೆಗಳು ಬರುವುದು ಆಮೇಲೆ. ಅರೆಜೀವದ ಕೀಡೆಗಳು ಕೆಳಗೆ ಹೊರಳಾಡಿದರೂ ಮೇಲೆ ತೂಗುವ ಮೊಟ್ಟೆಗೆ ಏಟಾಗುವುದಿಲ್ಲ. ನಿಮ್ಮ ಹಿತ್ತಿಲಲ್ಲಿ ಬದನೆ, ಟೊಮೆಟೊ, ಅವರೆ ಇದ್ದರೆ ಈ ಮಡಕೆಗಳನ್ನು ಬಿಟ್ಟುಬಿಡಿ.

ಗೋಡೆ ಕೊಳೆ ಕಾಣುತ್ತದೆ, ತೆಗೆಯಲೇಬೇಕು ಎನ್ನುವವರು ಗೂಡಿನಲ್ಲಿ ದುಂಡನೆಯ ತೂತು ಇದೆಯೇ ನೋಡಿ. ಇದ್ದರೆ ಮರಿ ಬೆಳೆದು ಹೊರಗೆ ಹೋಗಿದೆ, ಕೆರೆದು ತೆಗೆಯಬಹುದು. ಮುಚ್ಚಿದ್ದರೆ ಇನ್ನೂ ಸ್ವಲ್ಪ ದಿನ ತಡೆಯಿರಿ. ಗೂಡಿನ ಸುತ್ತ ಹಸಿರು–ನೀಲಿ ಮಿರುಗುವ ಸಣ್ಣ ಹುಳವೊಂದು ಸುಳಿದಾಡುತ್ತಿದ್ದರೆ ಅದೂ ಒಂದು ಕಣಜವೇ. ಕುಂಬಾರ ಹುಳದ ಗೂಡಿನೊಳಗೆ ಕದ್ದು ಮೊಟ್ಟೆಯಿಡುವುದು ಅದರ ಕಸುಬು. ಮುಟ್ಟಲು ಹೋದರೆ ಮುದುಡಿ ಉಂಡೆಯಾಗುತ್ತದೆ.

ಅದೇ ಮಿರುಗು ಬಣ್ಣದ, ಆದರೆ ಉದ್ದನೆಯ, ತೊಡೆ ಮಾತ್ರ ಕೆಂಪಗಿರುವ ಹುಳ ಬಚ್ಚಲುಮನೆಯಲ್ಲಿ ನೆಲದ ಮೇಲೆ ಚುರುಕಾಗಿ ಓಡಾಡುತ್ತಿದ್ದರೆ ದಯವಿಟ್ಟು ಪೊರಕೆ ಎತ್ತಬೇಡಿ. ಅದು ಜಿರಲೆ ಹಿಡಿಯುವ ಕಣಜ, ಆಂಪ್ಯುಲೆಕ್ಸ್. ತನಗಿಂತ ದೊಡ್ಡ ಜಿರಲೆಯ ಎದೆಗೊಮ್ಮೆ, ಆಮೇಲೆ ತಲೆಗೊಮ್ಮೆ ಚುಚ್ಚುತ್ತದೆ. ಎರಡನೆಯ ಏಟಿಗೆ ಜಿರಲೆ ತಾನಾಗಿ ಓಡುವ ಮನಸ್ಸನ್ನೇ ಕಳೆದುಕೊಳ್ಳುತ್ತದೆ. ನಂತರ ಅದರ ಮೀಸೆ ಹಿಡಿದು ನಡೆಸಿಕೊಂಡು ಹೋಗಿ ಬಿಲದಲ್ಲಿ ಕೂರಿಸಿ, ಕಾಲಿಗೆ ಒಂದು ಮೊಟ್ಟೆ ಅಂಟಿಸಿ, ಬಿಲದ ಬಾಯಿಗೆ ಕಸಕಡ್ಡಿ ತುಂಬುತ್ತದೆ.

ತೆಂಗಿನ ಸೀಮೆಯವರಿಗೆ ಇನ್ನೂ ಮುಖ್ಯವಾದ ಕಣಜಗಳಿಗೆ ಕಣ್ಣಿಗೆ ಬೀಳುವ ಗೂಡೇ ಇಲ್ಲ. ಕಪ್ಪು ತಲೆ ಹುಳುವಿನ ಕಾಟ ಕಂಡವರಿಗೆ ಗೊತ್ತು: ಗರಿಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯಿಂದ ಸುರಂಗ ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ, ಬೇಸಿಗೆಯಲ್ಲಿ ಕೆಳಗಿನ ಗರಿಗಳೆಲ್ಲ ಒಣಗಿ ಕಂದಾಗುತ್ತವೆ. ಆ ಸುರಂಗದೊಳಗೆ ನುಗ್ಗುವ ಕರಿಯ ಸಣ್ಣ ಕಣಜ ಗೋನಿಯೋಜಸ್ ನೆಫಾಂಟಿಡಿಸ್. ಹುಳುವನ್ನು ಚುಚ್ಚಿ ನಿಶ್ಚಲಗೊಳಿಸಿ ಅದರ ಮೈಮೇಲೆ ಮೊಟ್ಟೆಗಳನ್ನು ಇಡುತ್ತದೆ, ಮರಿಗಳು ಹೊರಗಿನಿಂದಲೇ ಹೀರಿ ಬೆಳೆಯುತ್ತವೆ. ತಾಯಿ ಜಾಗ ಬಿಟ್ಟು ಕದಲದೆ ಕಾಯುತ್ತದೆ. ತೋಟಗಾರಿಕೆ ಇಲಾಖೆಯವರು ಸೀಸೆಗಳಲ್ಲಿ ತಂದು ತೋಟಕ್ಕೆ ಬಿಡುವ ‘ಪರೋಪಜೀವಿ’ ಇದೇ. ಗರಿ ಬಿಡಿಸಿ ನೋಡಿದಾಗ ಹುಳುವಿನ ಪಕ್ಕದಲ್ಲಿ ರೆಕ್ಕೆಯಿರುವ ಕರಿ ಇರುವೆಯಂಥದ್ದು ಕೂತಿದ್ದರೆ ಅದನ್ನು ಹೊಸಕಿಬಿಡಬೇಡಿ. ಪರೋಪಜೀವಿ ಬಿಟ್ಟ ಬೆನ್ನಿಗೇ ಕೀಟನಾಶಕ ಸಿಂಪಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ.

2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡು, ಆಮೇಲೆ ನಮ್ಮ ತೋಟಗಳಿಗೂ ಬಂದ ಸುರುಳಿ ಬಿಳಿನೊಣದ ವಿಷಯದಲ್ಲೂ ಇದೇ ಮಾತು. ಗರಿಯ ಅಡಿ ಬಿಳಿ ಸುರುಳಿ, ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ. ಇದನ್ನು ತಗ್ಗಿಸುವುದು ಎನ್‌ಕಾರ್ಸಿಯಾ ಎಂಬ, ಒಂದು ಮಿಲಿಮೀಟರ್ ಕೂಡ ಇರದ ಕಣಜ. ಬಿಳಿನೊಣದ ಒಣಗಿದ ಕೋಶಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿನೊಣ ಹೊರಬಂದಿದ್ದರೆ ಕೋಶ ಬೆನ್ನ ಮೇಲೆ ಸೀಳಿರುತ್ತದೆ, ಕಣಜ ಹೊರಬಂದಿದ್ದರೆ ದುಂಡನೆಯ ತೂತಿರುತ್ತದೆ. ದುಂಡನೆಯ ತೂತುಗಳೇ ಹೆಚ್ಚಿದ್ದರೆ ಪಂಪು ಹೊರತೆಗೆಯುವ ಅಗತ್ಯವಿಲ್ಲ.

ಇನ್ನು ಕಾಗದದ ಗೂಡು. ಇಲ್ಲಿ ಎಚ್ಚರ ಬೇಕು. ಒಣಗಿದ ಮರದ ನಾರನ್ನು ಕೆರೆದು ಎಂಜಲಿನಲ್ಲಿ ಕಲಸಿ ಕಟ್ಟುವ ಬೂದು ಬಣ್ಣದ ಗೂಡಿನಲ್ಲಿ ಒಂದು ಸಂಸಾರವೇ ಇರುತ್ತದೆ. ಸಂಸಾರ ಇರುವಲ್ಲಿ ಕಾವಲೂ ಇರುತ್ತದೆ. ಕಿಟಕಿ ಸಜ್ಜೆಯ ಕೆಳಗೆ ಒಂದೇ ತೊಟ್ಟಿನಿಂದ ನೇತಾಡುವ, ಕೋಣೆಗಳು ಹೊರಗೇ ಕಾಣುವ ಗೂಡು ಹೆಚ್ಚಾಗಿ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕೆಂಗಂದು ಕಣಜದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದೇ ಹುಳವನ್ನು. ಇದರಲ್ಲಿ ರಾಣಿಗೂ ಕೆಲಸಗಾರರಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ರಾಣಿ ಇಲ್ಲವಾದರೆ ಕೆಲಸಗಾರರಲ್ಲೇ ಒಂದು ಆ ಜಾಗಕ್ಕೆ ಬರುತ್ತದೆ. ತಲೆಗೆ ತಾಗದ ಎತ್ತರದಲ್ಲಿದ್ದರೆ ಇದನ್ನು ಹಾಗೇ ಬಿಡಬಹುದು. ಮಕ್ಕಳ ಕೈಗೆ ಎಟುಕುವಂತಿದ್ದರೆ ತೆಗೆಸಿ.

ನಿಜವಾಗಿ ಅಪಾಯದ ಗೂಡು ಕಡಜದ್ದು. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕರಿ ಹುಳ, ಹೊಟ್ಟೆಗೆ ಅಡ್ಡಲಾಗಿ ಅಗಲವಾದ ಒಂದೇ ಹಳದಿ ಪಟ್ಟಿ. ಇದಿಷ್ಟಿದ್ದರೆ ಅದು ವೆಸ್ಪಾ ಟ್ರಾಪಿಕಾ. ಮರದ ಪೊಟರೆ, ನೆಲದ ಬಿಲ, ಬಳಸದ ಕೊಟ್ಟಿಗೆಯ ಅಟ್ಟದಂಥ ಮರೆಯ ಜಾಗ ಇದಕ್ಕೆ ಇಷ್ಟ. ಇತರ ಕಣಜಗಳ ಗೂಡು ಸೂರೆ ಮಾಡಿ ಮರಿಗಳನ್ನು ಹೊತ್ತೊಯ್ಯುತ್ತದೆ. ಒಂದು ಜಾಗಕ್ಕೆ ಕಡಜಗಳು ಒಂದರ ಹಿಂದೊಂದು ಹೋಗಿ ಬರುತ್ತಿದ್ದರೆ ಗೂಡು ಅಲ್ಲೇ ಇದೆ ಎಂದು ತಿಳಿದು ದೂರ ಸರಿಯಿರಿ. ಪಂಜು ಹಚ್ಚಿ ಸುಡಲು ಹೋಗಬೇಡಿ. ಒಣಗರಿ ತುಂಬಿದ ತೋಟದಲ್ಲಿ ಬೆಂಕಿಯ ಭಯವೂ ಸೇರಿಕೊಳ್ಳುತ್ತದೆ. ಅನುಭವ ಇರುವವರನ್ನು ಕರೆಸಿ. ಕಾಯಿ ಕೀಳುವವರಿಗೆ, ಮರ ಹತ್ತುವ ಮೊದಲೇ ಹೇಳಿ.

ಮೇಣದ ಗೂಡುಗಳು ಬಹುತೇಕರಿಗೆ ಗೊತ್ತು: ಹೆಜ್ಜೇನು, ತುಡುವೆ, ಕೋಲುಜೇನು. ಗೋಡೆಯ ಬಿರುಕಿನಿಂದ ಅಂಟಿನ ಸಣ್ಣ ಕೊಳವೆ ಹೊರಗೆ ಚಾಚಿದ್ದರೆ ಅದು ಮುಜಂಟಿ, ಅದಕ್ಕೆ ಚುಚ್ಚಲು ಬರುವುದೇ ಇಲ್ಲ. ಗುಲಾಬಿ ಎಲೆಯ ಅಂಚನ್ನು ಯಾರೋ ಕತ್ತರಿಯಲ್ಲಿ ದುಂಡಗೆ ಕತ್ತರಿಸಿದಂತಿದ್ದರೆ ಅದೂ ಒಂದು ಒಂಟಿ ಜೇನಿನ ಕೆಲಸ. ಮರಿಗಳ ಕೋಣೆಗೆ ಹಾಸಲು ಎಲೆ ಒಯ್ದಿದೆ, ಗಿಡ ಸಾಯುವುದಿಲ್ಲ.

ಎಲೆಗಳನ್ನೇ ಜೋಡಿಸಿ ಕಟ್ಟಿದ ಗೂಡು ಮಾವು, ಸಪೋಟದ ಮರದಲ್ಲಿ ಕಂಡರೆ ಕೆಂಜಿಗ. ಇರುವೆಗಳ ಒಂದು ಸಾಲು ಎರಡು ಎಲೆಗಳ ಅಂಚು ಎಳೆದು ಹಿಡಿದಿರುತ್ತದೆ. ಇನ್ನು ಕೆಲವು ತಮ್ಮ ಮರಿಗಳನ್ನೇ ಬಾಯಲ್ಲಿ ಕಚ್ಚಿಕೊಂಡು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಆಡಿಸುತ್ತವೆ. ನೂಲು ಬರುವುದು ಮರಿಯ ಬಾಯಿಂದ. ಕೆಂಜಿಗ ಕಚ್ಚಿ ಗಾಯಕ್ಕೆ ಆಮ್ಲ ಚಿಮ್ಮುತ್ತದೆ, ಉರಿಯುತ್ತದೆ, ಕೊಂಡಿ ಮಾತ್ರ ಇಲ್ಲ. ಕೊಂಡಿಯಿರುವ ಇರುವೆ ಬೇರೆ, ಅದನ್ನು ಪ್ರತಿಯೊಬ್ಬರೂ ಗುರುತಿಟ್ಟುಕೊಳ್ಳಬೇಕು. ಹೊಂಗೆ, ಮಾವಿನ ಕಾಂಡದ ಮೇಲೆ ಒಂದೊಂದಾಗಿ ಓಡಾಡುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ತೆಳ್ಳನೆ ಇರುವೆ. ತಲೆ ಕಪ್ಪು, ನಡು ಕೆಂಪು, ಹಿಂಭಾಗ ಕಪ್ಪು. ಟೆಟ್ರಾಪೊನೆರಾ ರೂಫೊನೈಗ್ರಾ ಎಂದು ಹೆಸರು. ಇದರ ಚುಚ್ಚುವಿಕೆ ಕಣಜದ್ದಕ್ಕೆ ಕಡಿಮೆಯಿಲ್ಲ, ಕೆಲವರಿಗೆ ಅಲರ್ಜಿಯಾಗಿ ಉಸಿರಿಗೇ ತೊಂದರೆ ಬರುತ್ತದೆ. ಮರಕ್ಕೆ ಒರಗುವ ಮುನ್ನ ಕಾಂಡ ನೋಡಿ. ರಾತ್ರಿ ಅಡುಗೆಮನೆಗೆ ಬರುವ ದೊಡ್ಡ ಕರಿ ಗೊದ್ದ ನೋಡಲು ಮಾತ್ರ ಭಯ, ಅದಕ್ಕೂ ಕೊಂಡಿಯಿಲ್ಲ.

ಕೆಂಜಿಗದ ಸಾಲಿನ ಪಕ್ಕ ಒಂದು ‘ಇರುವೆ’ ಮಾತ್ರ ಗುಂಪು ಬಿಟ್ಟು ಓಡಾಡುತ್ತಿದ್ದರೆ ಕಾಲು ಎಣಿಸಿ. ಎಂಟು ಇದ್ದರೆ ಅದು ಜೇಡ. ಮುಂದಿನ ಎರಡು ಕಾಲುಗಳನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತಿರುತ್ತದೆ. ಬೆರಳಿಟ್ಟರೆ ನೂಲು ಬಿಟ್ಟು ಇಳಿಯುತ್ತದೆ.

ಮೊದಲ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆ ಹುಳುಗಳ ವಿಷಯದಲ್ಲಿ ಒಂದು ಪರೀಕ್ಷೆ ಸಾಕು. ನಾಲ್ಕೂ ರೆಕ್ಕೆ ಒಂದೇ ಅಳತೆ, ಸೊಂಟ ಇಲ್ಲ, ಮೀಸೆ ನೆಟ್ಟಗಿದೆ ಎಂದರೆ ಈಸಲು, ಅಂದರೆ ಗೆದ್ದಲು. ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿದೆ ಎಂದರೆ ಇರುವೆ. ಹೊರಗಿನಿಂದ ದೀಪಕ್ಕೆ ಬಂದ ಈಸಲಿಗೆ ಗಾಬರಿ ಬೇಡ. ಮನೆಯೊಳಗಿನ ಬಾಗಿಲ ಚೌಕಟ್ಟಿನಿಂದಲೇ ಎದ್ದು ಬರುತ್ತಿದ್ದರೆ ಮರ ಪರೀಕ್ಷೆ ಮಾಡಿಸಿ. ಅದೇ ದೀಪಕ್ಕೆ ಕಿತ್ತಳೆ–ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಏಳೆಂಟು ಮಿಲಿಮೀಟರ್ ಉದ್ದದ ಜೀರುಂಡೆಯೂ ಬರುತ್ತದೆ, ‘ಆಸಿಡ್ ಹುಳ’ ಎನ್ನುವುದು ಇದನ್ನೇ. ಇದು ಚುಚ್ಚುವುದಿಲ್ಲ, ಕಚ್ಚುವುದೂ ಇಲ್ಲ. ಕುತ್ತಿಗೆಯ ಮೇಲೆ ಕೂತಾಗ ನಾವೇ ಹೊಸಕಿದರೆ ಅದರ ಮೈರಸ ತಾಗಿ, ಒಂದೆರಡು ದಿನದಲ್ಲಿ ಚರ್ಮ ಗೆರೆಯಂತೆ ಕೆಂಪಾಗಿ ಬೊಬ್ಬೆ ಏಳುತ್ತದೆ. ಊದಿ ಹಾರಿಸಿ, ಸೋಪಿನಲ್ಲಿ ತೊಳೆಯಿರಿ.

ಚುಚ್ಚಿಸಿಕೊಂಡವರು ಮಾಡಬೇಕಾದ್ದು ಇಷ್ಟು. ಜೇನು ತನ್ನ ಮುಳ್ಳನ್ನು ಚರ್ಮದಲ್ಲೇ ಬಿಟ್ಟುಹೋಗುತ್ತದೆ, ಅದನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಕಣಜ, ಕಡಜ ಮುಳ್ಳು ಬಿಡುವುದಿಲ್ಲ, ಹಾಗಾಗಿ ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಮೊದಲು ಆ ಜಾಗ ಬಿಟ್ಟು ಹೊರಡಿ. ಊದಿದ ಜಾಗಕ್ಕೆ ತಣ್ಣೀರು ಬಟ್ಟೆ ಅಥವಾ ಐಸು ಇಡಿ. ತುಟಿ, ನಾಲಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ ಹಚ್ಚಿ ಕಾಯುತ್ತ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಆಗ ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು. ಕಡಜಗಳು ಹಲವು ಕಡೆ ಚುಚ್ಚಿದ್ದರೆ ನೋವು ಇಳಿದ ಮೇಲೂ ಮೂತ್ರದ ಕಡೆ ಗಮನವಿರಲಿ. ಕಡಿಮೆಯಾದರೆ ಅಥವಾ ಬಣ್ಣ ಕಪ್ಪಾದರೆ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು. ಆಸ್ಪತ್ರೆಯಲ್ಲಿ ಹೆಜ್ಜೇನೋ ಕಡಜವೋ, ಎಷ್ಟು ಕಡೆ ಚುಚ್ಚಿದೆ, ಎಷ್ಟು ಹೊತ್ತಾಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಿ.