ಆ ಇಲಿಗಳನ್ನು ಮುಳುಗುವಾಗ ಯಾರೂ ಎತ್ತಲಿಲ್ಲ

ಬೆಂಗಳೂರಿನ ಕಂಪನಿಗಳ ಮೋಟಿವೇಶನ್ ಭಾಷಣಗಳಲ್ಲಿ, ವಾಟ್ಸಾಪ್‌ನಲ್ಲಿ ಈ ಕಥೆ ಸುತ್ತುತ್ತಲೇ ಇದೆ. ನೀರಿಗೆ ಬಿಟ್ಟ ಇಲಿ 15 ನಿಮಿಷಕ್ಕೆ ಮುಳುಗುತ್ತದೆ. ಇನ್ನೇನು ಮುಳುಗಬೇಕು ಅನ್ನುವಾಗ ಎತ್ತಿ, ಒರೆಸಿ, ಮತ್ತೆ ಬಿಟ್ಟರೆ 60 ಗಂಟೆ ಈಜುತ್ತದೆ. ಎಲ್ಲ ಭರವಸೆಯ ಮಹಿಮೆ!

ಪ್ರಯೋಗ ನಿಜ, ಕಥೆ ಅರ್ಧ ಸುಳ್ಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿ ಕರ್ಟ್ ರಿಕ್ಟರ್ (ಭೂಕಂಪದ ರಿಕ್ಟರ್ ಬೇರೆ) ಇದನ್ನು 1957ರಲ್ಲಿ ಪ್ರಕಟಿಸಿದರು. ಮೀಸೆ ಕತ್ತರಿಸಿ ನೀರಿಗೆ ಬಿಟ್ಟ 12 ಸಾಕಿದ ಇಲಿಗಳಲ್ಲಿ 9 ಇಲಿಗಳು 40ರಿಂದ 60 ಗಂಟೆ ಈಜಿದವು. ನಡುವೆ ಯಾರೂ ಎತ್ತಲಿಲ್ಲ. 15 ನಿಮಿಷದೊಳಗೆ ಸತ್ತವು ಬೇರೆ ಇಲಿಗಳು. ಹೊರಗಿನಿಂದ ಹಿಡಿದು ತಂದ 34 ಕಾಡಿಲಿಗಳು. ಎರಡನ್ನೂ ಕಲಸಿ ಒಂದೇ ಇಲಿ ಮಾಡಿಬಿಟ್ಟಿದ್ದಾರೆ.

ಆ ಕಾಡಿಲಿಗಳು ಸತ್ತ ಬಗೆ ನೋಡಿ. ಭಯಕ್ಕೆ ಎದೆಬಡಿತ ಏರಬೇಕು, ಅಲ್ವಾ? ಇಸಿಜಿಯಲ್ಲಿ ಬಡಿತ ನಿಧಾನವಾಗುತ್ತಾ ಹೋಗಿತ್ತು. ನಿಂತ ಹೃದಯ ರಕ್ತ ತುಂಬಿ ಹಿಗ್ಗಿತ್ತು. ಮಿದುಳಿನಿಂದ ಇಳಿಯುವ ವೇಗಸ್ ನರ ಹೃದಯಕ್ಕೆ ಬ್ರೇಕ್ ಇದ್ದಂತೆ. ಆ ಬ್ರೇಕ್ ಅತಿಯಾಗಿ ಬಿತ್ತು ಎಂದು ರಿಕ್ಟರ್ ವಾದಿಸಿದರು. ಅದನ್ನು ತಡೆಯುವ ಅಟ್ರೊಪಿನ್ ಎಂಬ ಔಷಧ ಕೊಟ್ಟಾಗ ಕೆಲವೇ ಕೆಲವು ಇಲಿಗಳು ಬೇಗ ಸಾಯದೆ ಉಳಿದವು.

ಹಾಗಾದರೆ ಎತ್ತಿದ್ದು ಯಾವಾಗ? ಕೊನೆಯ ಪರೀಕ್ಷೆಗೆ ಮೊದಲೇ. ಕೆಲವು ಕಾಡಿಲಿಗಳನ್ನು ಹಲವು ಸಲ ಹಿಡಿದು ಬಿಟ್ಟರು, ಸ್ವಲ್ಪ ಹೊತ್ತು ನೀರಲ್ಲಿಟ್ಟು ತೆಗೆದರು. ಹಿಡಿತ ಸಡಿಲುತ್ತದೆ ಎಂಬುದು ಅವುಗಳಿಗೆ ಅನುಭವದಿಂದ ಗೊತ್ತಾಯಿತು. ಆಮೇಲೆ ಅವೂ ಸಾಕಿದ ಇಲಿಗಳಷ್ಟೇ ಈಜಿದವು.

ಈಗ ಮನುಷ್ಯರ ವಿಷಯಕ್ಕೆ ಬನ್ನಿ. 2023ರ ನವೆಂಬರ್‌ನಲ್ಲಿ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗಿದ್ದರು. ಪೈಪಿನಲ್ಲಿ ಗಾಳಿ ಬಂತು, ಊಟ ಬಂತು, ಮನೆಯವರ ದನಿ ಬಂತು. ಅವರ ಭರವಸೆಗೆ ಪುರಾವೆ ಇತ್ತು. ಭರವಸೆಯೊಂದೇ ಸಾಲದು ಕೂಡ. 2016ರಲ್ಲಿ ಸಿಯಾಚಿನ್ ಹಿಮದಡಿ 6 ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಭರವಸೆ ಕಡಿಮೆಯಿತ್ತು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ಕ್ಯಾನ್ಸರ್ ರೋಗಿಗೆ ಮಾತ್ರ ಸಲೀಸಾಗಿ ಹೇಳಿಬಿಡುತ್ತೇವೆ: "ಪಾಸಿಟಿವ್ ಆಗಿರಿ, ವಾಸಿಯಾಗುತ್ತೆ." ವಾಸಿಯಾಗದಿದ್ದರೆ ತಪ್ಪು ಅವರ ತಲೆಗೇ ಬರುತ್ತದೆ. ಇದು ನನಗೆ ಸಿಟ್ಟು ತರಿಸುತ್ತದೆ. ಅದರ ಬದಲು ಮುಂದಿನ ಕೀಮೋ ಯಾವತ್ತು, ಜೊತೆಗೆ ಯಾರು ಬರುತ್ತಾರೆ, ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅದನ್ನು ಬರೆದು ಕೊಡಿ.